‘ಹೊತ್ತು ತನ್ನಿ’ ಅನ್ನುತ್ತಿದ್ದ ಮೇಷ್ಟ್ರು

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಹಳೆಯ ಶಿಷ್ಯರೆಲ್ಲ ಸೇರಿ ಒಂದು ನೆನಪಿನ ಪುಸ್ತಕ ತರುತ್ತಿದ್ದಾರಂತೆ. ಫೋನ್ ಮಾಡಿದ ಹುಡುಗಿ, "ಆಂಟಿ, ಒಂದ್ ನಾಲ್ಕು ಪೇಜ್ ಬರ್ಕೊಡಿ. ಒಳ್ಳೊಳ್ಳೆ ಮೆಮೊರೀಸ್ ಇದ್ರೆ ಸಾಕು" ಅಂದಳು.

"ಒಳ್ಳೇದು ಇಲ್ದಿದ್ರೆ?" ಅಂದೆ.

ಅವಳು ನಕ್ಕಳು. ವಯಸ್ಸಾದವರು ಏನು ಹೇಳಿದರೂ ಈಗಿನ ಮಕ್ಕಳಿಗೆ ಸ್ವೀಟ್ ಆಗಿ ಕೇಳಿಸುತ್ತದೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳೂ ಹೇಳಿಕೊಟ್ಟಿದ್ದರು, ಮಲ್ಲೇಶ್ವರದ ನಮ್ಮ ಅತ್ತೆಯೂ ಹೇಳಿಕೊಟ್ಟಿದ್ದರು. ಅವರಿಬ್ಬರೂ ಒಪ್ಪುತ್ತಿದ್ದ ವಿಷಯ ಬಹುಶಃ ಅದೊಂದೇ. ಆದರೆ ಮೇಷ್ಟ್ರು ಬದುಕಿದ್ದಾಗ ಯಾರ ಬಗ್ಗೆಯೂ ಒಳ್ಳೆಯದು ಆಡಿದ್ದನ್ನು ನಾನು ಕೇಳಿಲ್ಲ. ಅವರ ವಿಚಾರದಲ್ಲಿ ನಾನೊಬ್ಬಳೇ ಯಾಕೆ ನಿಯಮ ಪಾಲಿಸಬೇಕು? ಫ್ರಾಂಕ್ಲಿ, ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ.

ಅವರ ಬಳಿ ನಾನು ನಾಟಕ ಬರೆಯುವುದನ್ನು ಕಲಿತೆ. ತೊಂಬತ್ತರ ದಶಕದ ಆರಂಭದ ಮಾತು. ನನ್ನ ಯಜಮಾನರು ಹೋಗಿ ಎರಡು ವರ್ಷವಾಗಿತ್ತು. ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸವನ್ನೂ ಬಿಟ್ಟಿದ್ದೆ. ಮಧ್ಯಾಹ್ನಗಳು ಉದ್ದವಾಗಿದ್ದವು. ಒಂದು ದಿನ ಚಾಮರಾಜಪೇಟೆಯಲ್ಲಿ ಮದುವೆ ಕಾರ್ಡಿನ ಪ್ರೂಫ್ ನೋಡಲು ಪ್ರೆಸ್ ಒಂದಕ್ಕೆ ಹೋದಾಗ ಬಾಗಿಲ ಪಕ್ಕದಲ್ಲಿ ಕೈಬರಹದ ಒಂದು ಚೀಟಿ ಅಂಟಿಸಿತ್ತು. ‘ನಾಟಕ ಬರೆಯುವುದನ್ನು ಕಲಿಸಲಾಗುವುದು. ಶನಿವಾರ ಮೂರು ಗಂಟೆ, ಮಹಡಿ ಮೇಲೆ. ಕವಿಗಳು ದಯವಿಟ್ಟು ಬರಬೇಡಿ.’ ಆ ಕೊನೆಯ ಸಾಲಿಗೆ ನಾನು ಮರುಳಾದೆ. ಎಂಥ ವಿಟ್ ಅಂದುಕೊಂಡೆ. ಅದು ವಿಟ್ ಅಲ್ಲ, ದ್ವೇಷ ಎಂದು ತಿಳಿಯಲು ಆರು ತಿಂಗಳು ಬೇಕಾಯಿತು.

ಮಹಡಿ ಹತ್ತಿದೆ. ಕೆಳಗಡೆ ಟ್ರೆಡಲ್ ಮೆಷಿನ್ ಧಡಕ್ ಧಡಕ್ ಅನ್ನುತ್ತಿತ್ತು, ಮೇಲೆ ಹತ್ತು ಹನ್ನೆರಡು ಜನ ಚಾಪೆಯ ಮೇಲೆ ಕೂತಿದ್ದರು. ಒಂದೇ ಕುರ್ಚಿ, ಅದರಲ್ಲಿ ಕುಳ್ಳಗೆ ಒಣಗಿದ ಒಬ್ಬ ಮನುಷ್ಯ. ಯಾವುದೋ ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಪಟ್ಟಿ ಹರಿದ ಕೈಗಡಿಯಾರವೊಂದನ್ನು ಶರಟಿನ ಜೇಬಿನಿಂದ ತೆಗೆದು ನೆಲದ ಮೇಲಿಟ್ಟುಕೊಂಡು ನನ್ನನ್ನು ನೋಡಿದರು.

"ಏನ್ ಓದಿದೀರಿ?"

"ಇಂಗ್ಲಿಷ್ ಲಿಟರೇಚರ್, ಸರ್."

"ಪರ್ವಾಗಿಲ್ಲ, ಮರೀಬಹುದು. ಕೂತ್ಕೊಳ್ಳಿ."

ಎಲ್ಲರೂ ನಕ್ಕರು. ಅಲ್ಲಿ ನಗುವುದು ಕಡ್ಡಾಯವಾಗಿತ್ತು. ಇವತ್ತು ನನ್ನ ಸರದಿ ಅಲ್ಲವಲ್ಲ ಎನ್ನುವ ಸಮಾಧಾನದ ನಗು ಅದು.

ಅವರ ಕ್ರಮ ಹೀಗಿತ್ತು. ಯಾರು ಬರೆದು ತಂದರೂ ಬರೆದವರು ಓದುವಂತಿಲ್ಲ, ಬೇರೆಯವರು ಓದಬೇಕು. ಬರೆದವರು ಗೋಡೆಯ ಕಡೆ ಮುಖ ಮಾಡಿ ಕೂರಬೇಕು. ಐವತ್ತನಾಲ್ಕು ವರ್ಷದ ನಾನು, ಮೂವತ್ತು ವರ್ಷ ಮಕ್ಕಳನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದವಳು, ಸುಣ್ಣ ಕಿತ್ತುಹೋದ ಗೋಡೆ ನೋಡುತ್ತಾ ನನ್ನ ವಾಕ್ಯಗಳನ್ನು ಕೇಳಿಸಿಕೊಳ್ಳುತ್ತಿದ್ದೆ. ಬೆನ್ನ ಹಿಂದೆ ಮೇಷ್ಟ್ರು ಚಪ್ಪಲಿಯಿಂದ ಒಂದು ಪಾದ ಹೊರಗೆಳೆದು ಇನ್ನೊಂದು ಕಾಲಿನ ಮೊಣಕಾಲ ಕೆಳಗೆ ಪರಪರ ಉಜ್ಜುತ್ತಿದ್ದರು. ಸುಳ್ಳು ಮಾತು ಕಿವಿಗೆ ಬಿದ್ದರೆ ಅವರಿಗೆ ಕಾಲು ಕಡಿಯುತ್ತಿತ್ತು. ಆ ಸದ್ದು ಕೇಳಿಸಿದರೆ ಸಾಕು, ಓದುವವರು ನಿಲ್ಲಿಸಿಬಿಡುತ್ತಿದ್ದರು.

"ಈತ ಯಾಕಿನ್ನೂ ಎದ್ದು ಹೋಗಿಲ್ಲ?" ಇದು ಅವರ ಖಾಯಂ ಪ್ರಶ್ನೆ. "ಬಾಗಿಲು ತೆರೆದೇ ಇದೆ. ಹೆಂಡತಿ ಬೈತಿದಾಳೆ. ಈತ ಕೂತು ಅರ್ಧ ಪುಟ ಕೇಳಿಸ್ಕೊಳ್ತಿದಾನೆ. ಯಾಕೆ? ಕಾಲು ಮುರಿದಿದ್ಯಾ?"

"ಸರ್, ಅವನಿಗೆ ಹೆಂಡ್ತಿ ಅಂದ್ರೆ ಪ್ರೀತಿ."

"ಪ್ರೀತಿ ಇದ್ರೆ ಇನ್ನೂ ಬೇಗ ಎದ್ದು ಹೋಗ್ತಾನೆ. ಮುಂದೆ."

ಟು ಬಿ ಫೇರ್, ಅದು ಒಳ್ಳೆಯ ಪ್ರಶ್ನೆ. ಇವತ್ತಿಗೂ ಟೀವಿ ಸೀರಿಯಲ್ ನೋಡುವಾಗ ನನ್ನ ತಲೆಯಲ್ಲಿ ಅದೇ ಓಡುತ್ತದೆ. ಅವರಿಗೆ ವಿದ್ಯೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಡೆಂಟಿಸ್ಟಿಗೂ ವಿದ್ಯೆ ಇರುತ್ತದೆ, ಅರಿವಳಿಕೆ ಕೊಡದೆ ಕೀಳುವುದಿಲ್ಲ.

ನಮ್ಮಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು ಇದ್ದರು. ಬಲು ಮೆದು ಮನುಷ್ಯ, ಬರುವಾಗ ಎಲ್ಲರಿಗೂ ಪೆಪ್ಪರ್‌ಮಿಂಟ್ ತರುತ್ತಿದ್ದರು. ಹೆಂಡತಿ ಕಾಯಿಲೆ ಬಿದ್ದು ಹೋದದ್ದನ್ನು ನಾಟಕ ಮಾಡಿ ತಂದರು. ಗೋಡೆಗೆ ತಿರುಗಿ ಕೂತರು. ಎರಡನೇ ದೃಶ್ಯದಲ್ಲಿ ಪಾದದ ಸದ್ದು ಶುರುವಾಯಿತು.

"ಇನ್ನೂ ಎಷ್ಟ್ ಹೊತ್ತು ಸಾಯ್ತಾರೆ ಈಯಮ್ಮ?" ಅಂದರು ಮೇಷ್ಟ್ರು.

ಆತ ಎದ್ದು, ಹಾಳೆಗಳನ್ನು ಇಸಿದುಕೊಂಡು, ಜೋಡಿಸಿ, ಫೈಲಿಗೆ ದಾರ ಕಟ್ಟಿ, ಎಲ್ಲರಿಗೂ ನಮಸ್ಕಾರ ಹೇಳಿ ಮೆಟ್ಟಿಲು ಇಳಿದರು. ಮತ್ತೆ ಬರಲಿಲ್ಲ. ಮೇಷ್ಟ್ರು ಗಡಿಯಾರ ನೋಡಿ, "ಮುಂದಿನದು ಯಾರ್ದು?" ಅಂದರು. ಅವತ್ತು ನಾನೂ ಎದ್ದು ಹೋಗಬೇಕಿತ್ತು. ಮುಂದಿನದು ನನ್ನದಾಗಿತ್ತು, ಆದ್ದರಿಂದ ಕೂತೆ.

ಇನ್ನೊಂದು ನಿಯಮವಿತ್ತು. ನಾಟಕದಲ್ಲಿ ಯಾವ ವಸ್ತುವನ್ನು ಬರೆದರೂ ಮುಂದಿನ ಶನಿವಾರ ಅದನ್ನು ಬರೆದವರೇ ಹೊತ್ತು ತರಬೇಕು. ಮಂಚ ಅಂದರೆ ಮಂಚ, ಕೊಡ ಅಂದರೆ ಕೊಡ. "ಬರೆಯೋಕೆ ಹಗುರ, ಅಲ್ವಾ? ಹೊತ್ತು ತನ್ನಿ, ಗೊತ್ತಾಗುತ್ತೆ." ನನ್ನ ಮೊದಲನೇ ನಾಟಕದಲ್ಲಿ ಪಿಯಾನೋ ಇತ್ತು. ನಮ್ಮ ಕಾನ್ವೆಂಟಿನ ಹಾಲ್‌ನಲ್ಲಿ ಇತ್ತಲ್ಲ, ಹಾಗಾಗಿ ಬಂದುಬಿಟ್ಟಿತ್ತು. ಮುಂದಿನ ವಾರ ಬರಿಗೈಯಲ್ಲಿ ಹೋದೆ.

"ಎಲ್ಲಿ?"

"ಸಿಗ್ಲಿಲ್ಲ ಸರ್."

"ನಿಮ್ ಪಾತ್ರಕ್ಕೆ ಹೇಗೆ ಸಿಕ್ತು?"

ಪಿಯಾನೋ ಹೋಗಿ ಹೊಲಿಗೆ ಮೆಷಿನ್ ಬಂತು. ಅದು ನಮ್ಮ ಮನೆಯಲ್ಲೇ ಇತ್ತು. ಸ್ಟ್ಯಾಂಡ್ ಬಿಟ್ಟು ತಲೆಯನ್ನು ಮಾತ್ರ ಬಿಚ್ಚಿಸಿ, ಸಂಪಿಗೆ ರಸ್ತೆಯಿಂದ ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಚಾಮರಾಜಪೇಟೆಗೆ ಹೋದೆ. ಸೀರೆಗೆಲ್ಲ ಎಣ್ಣೆ. ಮೆಟ್ಟಿಲು ಹತ್ತುವಾಗ ಯಾರೋ ಕೈಜೋಡಿಸಲು ಎದ್ದರೆ ಮೇಷ್ಟ್ರು ಬೇಡ ಎಂದು ಕೈಯಾಡಿಸಿದರು. ಮೇಲೆ ಇಟ್ಟು ಏದುಸಿರು ಬಿಡುತ್ತಾ ನಿಂತೆ.

"ಇದ್ರಿಂದ ಏನಾಗುತ್ತೆ ನಾಟಕದಲ್ಲಿ?"

"ಅವಳು ಹೊಲೀತಾಳೆ, ಸರ್."

"ಹೊಲೀದೇ ಇದ್ರೆ?"

ಯೋಚಿಸಿದೆ. "ಏನೂ ಆಗಲ್ಲ."

"ವಾಪಸ್ ತಗೊಂಡ್ ಹೋಗಿ."

ಇಷ್ಟೆಲ್ಲ ಹೇಳುವ ಈ ಮನುಷ್ಯ ಸ್ವತಃ ಬರೆದ ನಾಟಕ ಹೇಗಿತ್ತು ಎಂದು ಕೇಳುತ್ತೀರಲ್ಲ? ಬಸವನಗುಡಿಯಲ್ಲಿ ಒಮ್ಮೆ ನೋಡಿದೆ. ರೈತ, ಮಂತ್ರಿ, ಮಂತ್ರಿಯ ಹೆಂಡತಿ, ಎಲ್ಲರೂ ಮೇಷ್ಟ್ರ ಹಾಗೇ ಮಾತಾಡಿದರು. ಒಂದು ಪಾತ್ರ ಇನ್ನೊಂದಕ್ಕೆ ಟಿಪ್ಪಣಿ ಬರೆದು ಕಳಿಸಿದ ಹಾಗಿತ್ತು. ಬೇರೆಯವರ ಸುಳ್ಳು ಮೈಲಿ ದೂರದಿಂದ ಕೇಳಿಸುತ್ತಿದ್ದ ಕಿವಿಗೆ ತನ್ನದು ಕೇಳಿಸುತ್ತಿರಲಿಲ್ಲ. ಅಥವಾ ಕೇಳಿಸುತ್ತಿತ್ತೋ ಏನೋ. ಅದಕ್ಕೇ ಅಷ್ಟು ಕಹಿ ಇತ್ತೋ.

ಈಗ ಚೆನ್ನಕ್ಕನ ವಿಷಯಕ್ಕೆ ಬರಬೇಕು. ಅವಳಿಲ್ಲದೆ ಮೇಷ್ಟ್ರ ಬಗ್ಗೆ ನಾನು ಹೇಳುವುದು ಬರೀ ಗೊಣಗಾಟವಾಗುತ್ತದೆ.

ಚೆನ್ನಕ್ಕ ನನ್ನ ಓರಗಿತ್ತಿ. ನನ್ನ ಯಜಮಾನರ ಅಣ್ಣನ ಹೆಂಡತಿ. ಭಾವನದು ತರಗುಪೇಟೆಯಲ್ಲಿ ಬೇಳೆಯ ಮಂಡಿ. ಮಲ್ಲೇಶ್ವರದ ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ನಲವತ್ತು ವರ್ಷ ಇದ್ದೆವು. ಅವಳು ಮಾಗಡಿ ಕಡೆಯ ಹಳ್ಳಿಯವಳು. ನಾನು ಓಕಳಿಪುರದ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದು, ಕನ್ನಡ ಮಾತಾಡಿದರೆ ಬೆಂಚ್ ಹತ್ತಿಸುತ್ತಿದ್ದ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ಬಂದಾಗ ನನಗೆ ಕನ್ನಡ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಇಂಗ್ಲಿಷ್ ಎಂ.ಎ. ಸೊಸೆಗೆ ಕನ್ನಡ ಬರುವುದಿಲ್ಲ ಎಂದರೆ ನಗುತ್ತಾರಲ್ಲ.

ಒಂದು ದಿನ ಚೆನ್ನಕ್ಕನಿಗೆ ತವರಿನಿಂದ ಕಾಗದ ಬಂತು. "ಏ ಮೇಡಮ್ಮ, ನನ್ ಕನ್ನಡ್ಕ ಎಲ್ಲೋ ಇಟ್ಬುಟ್ಟಿವ್ನಿ. ವಸಿ ಓದ್ಹೇಳು" ಅಂದಳು. ನನ್ನನ್ನು ಅವಳು ಕರೆಯುತ್ತಿದ್ದುದೇ ಮೇಡಮ್ಮ ಎಂದು. ಕಾಗದ ಹಿಡಿದು ಬೆವೆತೆ. ‘ಚಿರಂಜೀವಿ ಸೌಭಾಗ್ಯವತಿ’ ಎನ್ನುವಲ್ಲೇ ಎರಡು ಸಲ ತಡವರಿಸಿದೆ. ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ಆಮೇಲೆ ಅವಳ ಕಣ್ಣು ಅರಳಿತು.

"ನಿಂಗೂ ಬರಕಿಲ್ವಾ?" ಅಂದಳು.

ಎಂಥಾ ಖುಷಿ ಇತ್ತು ಆ ಮಾತಿನಲ್ಲಿ! ಇಬ್ಬರೂ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು, ಬೇಳೆ ಮೂಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡಳು. "ಯಾರ್ಗೂ ಅನ್ಬ್ಯಾಡ ಕಣವ್ವ. ನಿಮ್ ಭಾವಂಗೂ ತಿಳ್ದಿಲ್ಲ. ಹೆಣ್ಣು ನೋಡಕೆ ಬಂದಾಗ ನಮ್ಮಪ್ಪ ನಾಕ್ನೇ ಕ್ಲಾಸು ಅಂತ ಯೋಳ್ಬುಟ್ಟಿತ್ತು."

ಆಮೇಲೆ ನಾನು ಕಲಿತೆ, ಅವಳು ಕಲಿಯಲಿಲ್ಲ. ನಾನೇ ಹೇಳಿಕೊಡುತ್ತೇನೆ ಎಂದರೆ "ಈಗ ಕಲ್ತು ಯಾರಿಗ್ ಅರ್ಜಿ ಬರೀಲವ್ವ?" ಅನ್ನುತ್ತಿದ್ದಳು. ಆದರೆ ದಿನಾ ಬೆಳಿಗ್ಗೆ ವರಾಂಡದಲ್ಲಿ ಕಾಲು ಚಾಚಿ ಕೂತು ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವುತ್ತಿದ್ದಳು. ಮನೆಗೆ ಎರಡು ಪೇಪರ್. ಇಂಗ್ಲಿಷ್ ನನಗೆ, ಕನ್ನಡ ಅವಳಿಗೆ.

"ಏನಂತೆ ನಿಮ್ ಇಂಗ್ಲಿಸ್ನೋರು?" ಅನ್ನುವಳು.

ನಾನು ಹೇಳುವೆ. ಎಲ್ಲಿ ಬಸ್ ಬಿತ್ತು, ಯಾರು ರಾಜೀನಾಮೆ ಕೊಟ್ಟರು. ಪೂರ್ತಿ ಕೇಳಿಸಿಕೊಂಡು ತನ್ನ ಪುಟ ಮಡಚಿ, "ಹೂಂ. ನಮ್ದ್ರಾಗೂ ಅದೇ ಬಂದೈತೆ" ಅನ್ನುವಳು. ಅಷ್ಟೇ ಅಲ್ಲ, ಸ್ವಲ್ಪ ಹೊತ್ತಾದ ಮೇಲೆ, "ನಮ್ದ್ರಾಗೆ ಇನ್ನೂ ಜಾಸ್ತಿ ಬರ್ದವ್ರೆ, ಬುಡು" ಎಂದು ಒಳಗೆ ಹೋಗುವಳು. ಆ ಬೆಳಗುಗಳನ್ನು ನೆನೆದರೆ ಈಗಲೂ ಎದೆ ಒಂಥರಾ ಆಗುತ್ತದೆ. ನನ್ನ ಬಾಯಲ್ಲಿ ಇರುವ ಜೀವಂತ ಕನ್ನಡವೆಲ್ಲ ಅಲ್ಲಿಂದ ಬಂದದ್ದು.

ಒಂದು ಸಲ ಪೇಚಾಯಿತು. ಭಾವನ ಸ್ನೇಹಿತರೊಬ್ಬರು ಬಂದು ವರಾಂಡದಲ್ಲಿ ಕೂತರು. ಕನ್ನಡಕ ಮರೆತು ಬಂದಿದ್ದರು. "ಅಮ್ಮಾವ್ರೇ, ಆ ಮಂಡಿ ರೇಟಿನ ಸುದ್ದಿ ಸ್ವಲ್ಪ ಗಟ್ಟಿಯಾಗಿ ಓದಿ" ಅಂದರು. ಭಾವನೂ ಅಲ್ಲೇ ಇದ್ದರು. ಚೆನ್ನಕ್ಕ ಒಂದು ಕ್ಷಣ ಪೇಪರ್ ನೋಡಿ, ಓದಲು ಶುರುಮಾಡಿಬಿಟ್ಟಳು. ಬಾಯಿಗೆ ಬಂದದ್ದು. ತೊಗರಿ ಹೀಗಂತೆ, ಮಳೆ ಹಾಗಂತೆ, ಮಂತ್ರಿಗಳು ಚಿಂತೆಯಲ್ಲಿದ್ದಾರಂತೆ. ಆತ ಹುಬ್ಬು ಗಂಟಿಕ್ಕಿ "ಇನ್ನೊಂದ್ಸಲ ಓದಿ" ಅಂದರು. ನಾನು ದಡಕ್ಕನೆ ಎದ್ದು, ಅವಳ ಕೈಯಿಂದ ಪೇಪರ್ ಕಿತ್ತುಕೊಂಡು, "ಅಕ್ಕ, ಒಲೆ ಮೇಲೆ ಹಾಲು!" ಎಂದು ಒಳಗೆ ಕಳಿಸಿ, ಉಳಿದದ್ದನ್ನು ನಾನೇ ಓದಿದೆ. ಮಧ್ಯಾಹ್ನ ನನ್ನ ತಟ್ಟೆಗೆ ಎರಡು ಸಲ ತುಪ್ಪ ಬಿತ್ತು.

ಮೇಷ್ಟ್ರಿಗೆ ನಾನು ಒಯ್ದ ಮೂರನೇ ನಾಟಕದಲ್ಲಿ ಇದ್ದದ್ದು ಇಬ್ಬರು ಹೆಂಗಸರು, ವರಾಂಡ, ಎರಡು ಪೇಪರ್. ಹೊತ್ತು ತರಲು ಸುಲಭವಾಗಲಿ ಎಂದೇ ಹಾಗೆ ಬರೆದಿದ್ದೆ, ಐ ಮಸ್ಟ್ ಅಡ್ಮಿಟ್. ಗುಟ್ಟನ್ನು ಬರೆದಿರಲಿಲ್ಲ. ಬರೀ ಅವಳ ಮಾತು. ಗೋಡೆಯ ಕಡೆ ತಿರುಗಿ ಕೂತೆ. ಓದು ಸಾಗಿತು. ಕಾಲು ಉಜ್ಜುವ ಸದ್ದು ಬರಲೇ ಇಲ್ಲ.

"ಇದು ಯಾರ್ ಮಾತು?" ಅಂದರು ಮೇಷ್ಟ್ರು, ಓದಿ ಮುಗಿದ ಮೇಲೆ.

"ನಂದೇ ಸರ್."

"ಸುಳ್ಳು. ನೀವು ಇಂಗ್ಲಿಷ್‌ನಲ್ಲಿ ಯೋಚ್ನೆ ಮಾಡಿ ಕನ್ನಡದಲ್ಲಿ ಕೆಮ್ಮೋರು. ಯಾರ್ದು ಹೇಳಿ. ಯಾಕೆ ಈ ಹೆಂಗ್ಸು ಯಾವಾಗ್ಲೂ ಎರಡನೇದಾಗೇ ಮಾತಾಡ್ತಾಳೆ? ಮೊದ್ಲು ಯಾಕೆ ಹೇಳಲ್ಲ?"

ಒಂದೂವರೆ ವರ್ಷದಲ್ಲಿ ಮೊದಲ ಬಾರಿ ಆ ಮನುಷ್ಯನಿಗೆ ನನ್ನ ಬರಹದಲ್ಲಿ ಆಸಕ್ತಿ ಹುಟ್ಟಿತ್ತು. ಎಲ್ಲರೂ ಹೋಗುವವರೆಗೆ ಕಾದು, ನಾನು ಹೇಳಿಬಿಟ್ಟೆ. ಕಾಗದ, ನಾಲ್ಕನೇ ಕ್ಲಾಸು, ಮಂಡಿ ರೇಟು, ಎಲ್ಲ. ಇಪ್ಪತ್ತೈದು ವರ್ಷ ನನ್ನ ಗಂಡನಿಗೂ ಹೇಳದೆ ಇಟ್ಟುಕೊಂಡದ್ದನ್ನು ಒಂದು ಮೆಚ್ಚುಗೆಗಾಗಿ ಮೆಟ್ಟಿಲ ತುದಿಯಲ್ಲಿ ನಿಂತು ಕೊಟ್ಟೆ.

"ಅದನ್ನ ಬರೀರಿ" ಅಂದರು.

ಬರೆದೆ. ಊರು ಬದಲಿಸಿದೆ, ಹೆಸರು ಬದಲಿಸಿದೆ, ಬೇಳೆಯನ್ನು ಬೆಲ್ಲ ಮಾಡಿದೆ. ಅತಿಥಿ ಓದಲು ಹೇಳುತ್ತಾನೆ, ಅವಳು ಸುದ್ದಿ ಕಟ್ಟುತ್ತಾಳೆ, ಇನ್ನೊಬ್ಬಳು ಎದ್ದು ಬಂದು ಕಾಪಾಡುತ್ತಾಳೆ. ಮೇಷ್ಟ್ರು ಕೇಳಿ, ಪೆನ್ಸಿಲ್ ತೆಗೆದುಕೊಂಡು ಆ ಕೊನೆಯ ಭಾಗದ ಮೇಲೆ ಅಡ್ಡಗೆರೆ ಎಳೆದರು.

"ಇನ್ನೊಬ್ಳು ಏಳಬಾರ್ದು."

"ನಿಜವಾಗಿ ಎದ್ದೆ, ಸರ್."

"ನಿಜದಲ್ಲಿ ನೀವು ಒಳ್ಳೆಯವ್ರು, ಸಂತೋಷ. ಕಾಪಾಡೋರು ಬಂದ್ರೆ ಪ್ರೇಕ್ಷಕ ಚಪ್ಪಲಿ ಹುಡುಕ್ತಾನೆ. ಅವಳು ಕೂತಿರ್ಲಿ. ಪೇಪರ್ ಅಡ್ಡ ಹಿಡಿದು ಕೂತಿರ್ಲಿ. ಈ ಹೆಂಗ್ಸು ಓದ್ತಾನೇ ಇರ್ಲಿ, ಅತಿಥಿ ಅವಳ ಕೈಯಿಂದ ಪೇಪರ್ ತಗೊಂಡು ಗಂಡನ ಕೈಗೆ ಕೊಡ್ಲಿ. ಪರದೆ."

ಒಳ್ಳೆಯ ಮುಕ್ತಾಯ ಅದು. ಕೇಳಿದ ಕೂಡಲೇ ಗೊತ್ತಾಯಿತು. ಅದೇ ನನ್ನ ಸಿಟ್ಟು.

ನಾಟಕವನ್ನು ಬಸವನಗುಡಿಯ ಒಂದು ಸಣ್ಣ ಹಾಲ್‌ನಲ್ಲಿ ಆಡಿಸುವುದೆಂದು ತೀರ್ಮಾನವಾಯಿತು. ತಾಲೀಮು ಶುರುವಾದ ಮೇಲೆ ನನಗೆ ನಿದ್ದೆ ಬರದಾಯಿತು. ಒಂದು ಶನಿವಾರ ಹೇಳಿದೆ, "ಸರ್, ಅವಳು ಏಳಲಿ. ನನಗೆ ಅದು ಬೇಕು."

"ಏಳಿಸಿ. ನಿಮ್ಮ ನಾಟಕ, ನಿಮ್ಮಿಷ್ಟ" ಎಂದು ಕೆಳಗಿನ ಪ್ರೆಸ್ಸಿನಿಂದ ಆಗ ತಾನೇ ಬಂದ ಹ್ಯಾಂಡ್‌ಬಿಲ್ ಕೈಗಿಟ್ಟರು. "ಆದ್ರೆ ಅದನ್ನ ನಾನ್ ಆಡಿಸಲ್ಲ. ಈ ಕಾಗದ ಸುಟ್ಬಿಡಿ."

ಹ್ಯಾಂಡ್‌ಬಿಲ್ ಮೇಲೆ ನನ್ನ ಹೆಸರು ಕನ್ನಡದಲ್ಲಿ ಅಚ್ಚಾಗಿತ್ತು. ಅಲ್ಲಿಯವರೆಗೆ ನನ್ನ ಹೆಸರು ಕನ್ನಡದಲ್ಲಿ ಅಚ್ಚಾಗಿದ್ದು ಲಗ್ನಪತ್ರಿಕೆಯಲ್ಲಿ ಮಾತ್ರ. ಇಂಕಿನ ವಾಸನೆ ಇನ್ನೂ ಹಸಿಯಾಗಿತ್ತು. ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಏಳಿಸಲಿಲ್ಲ. ಚೆನ್ನಕ್ಕನಿಗೆ ಹೇಗೂ ಗೊತ್ತಾಗುವುದಿಲ್ಲ. ಅವಳು ನಾಟಕಕ್ಕೆ ಬರುವವಳಲ್ಲ, ಹ್ಯಾಂಡ್‌ಬಿಲ್ ಓದುವವಳಂತೂ ಅಲ್ಲ. ಹೌದು, ಹೀಗೇ ಯೋಚಿಸಿದೆ. ಈ ಕೀಳು ಲೆಕ್ಕಾಚಾರ ನನ್ನದೇ, ಮೇಷ್ಟ್ರದಲ್ಲ.

ನಾಟಕದ ಸಂಜೆ ನಾನು ಸೈಡ್ ವಿಂಗ್‌ನಲ್ಲಿ ನಿಂತಿದ್ದೆ. ಹಾಲ್ ತುಂಬಿತ್ತು. ಮೊದಲ ಗಂಟೆ ಹೊಡೆದ ಮೇಲೆ ಮೇಷ್ಟ್ರು ಹತ್ತಿರ ಬಂದು, "ಫಸ್ಟ್ ರೋ ನೋಡಿ" ಅಂದರು.

ಚೆನ್ನಕ್ಕ ಕೂತಿದ್ದಳು. ಮದುವೆಗೆ ಉಡುವ ಕೆಂಪಂಚಿನ ಸೀರೆ, ಮುಡಿಯಲ್ಲಿ ಸಂಪಿಗೆ.

"ಯಾರ್ ಕರೆದ್ರು?" ಅಂದೆ.

"ನಾನೇ. ನೀವಿಲ್ದಾಗ ಮನೆಗೆ ಹೋಗಿದ್ದೆ. ಒಳ್ಳೇ ಕಾಫಿ ಕೊಟ್ರು. ಬರೆದದ್ದನ್ನ ಹೊತ್ತು ತರಬೇಕು ಅಂತ ನಿಯಮ ಅಲ್ವಾ? ನೀವು ತರಲಿಲ್ಲ. ನಾನ್ ತಂದೆ."

ಆಗಲೂ ಹೊತ್ತು ಮೀರಿರಲಿಲ್ಲ. ಆ ಪಾತ್ರದ ಹುಡುಗಿ ಇನ್ನೂ ಪಕ್ಕದಲ್ಲೇ ನಿಂತು ಸೆರಗಿಗೆ ಪಿನ್ ಹಾಕಿಕೊಳ್ಳುತ್ತಿದ್ದಳು. "ಏಳಮ್ಮ, ಕೊನೇಲಿ ಎದ್ದು ಪೇಪರ್ ಕಿತ್ಕೋ" ಎಂದು ಕಿವಿಯಲ್ಲಿ ಹೇಳಬಹುದಿತ್ತು. ಮೇಷ್ಟ್ರು ಗೆರೆ ಎಳೆಯುವ ಮುಂಚೆ ಆ ಭಾಗವನ್ನು ಓದಿದ್ದವಳು ಅವಳೇ, ಅವಳಿಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಪರದೆ ಸರಿಯಿತು.

‘ನಮ್ದ್ರಾಗೂ ಅದೇ ಬಂದೈತೆ’ ಎನ್ನುವಲ್ಲಿ ಜನ ಚಪ್ಪಾಳೆ ಹೊಡೆದರು. ಚೆನ್ನಕ್ಕನೂ ನಕ್ಕಳು, ನಾನು ಕಣ್ಣಾರೆ ನೋಡಿದೆ. ಪಕ್ಕದವರ ಕಡೆ ತಿರುಗಿ ಏನೋ ಹೆಮ್ಮೆಯಿಂದ ಹೇಳಿದಳು ಕೂಡ. ಅತಿಥಿ ಬಂದ. ಓದಿ ಅಂದ. ರಂಗದ ಮೇಲಿನ ಹೆಂಗಸು ಸುದ್ದಿ ಕಟ್ಟತೊಡಗಿದಳು. ಹಾಲ್ ಹುಚ್ಚೆದ್ದು ನಕ್ಕಿತು. ಚೆನ್ನಕ್ಕ ಅವಳನ್ನು ನೋಡುತ್ತಿರಲಿಲ್ಲ. ಪೇಪರ್ ಅಡ್ಡ ಹಿಡಿದು ಕೂತಿದ್ದ ಇನ್ನೊಬ್ಬಳನ್ನೇ ನೋಡುತ್ತಿದ್ದಳು, ಮೈ ಮುಂದಕ್ಕೆ ಬಾಗಿಸಿ, ಎರಡೂ ಕೈ ಕುರ್ಚಿಯ ಹಿಡಿಯ ಮೇಲೆ ಊರಿ. ಹಾಗೆ ಯಾಕೆ ನೋಡುತ್ತಿದ್ದಾಳೆ ಎಂದು ನನಗೆ ಅರ್ಥವಾಗಲಿಲ್ಲ. ಅತಿಥಿ ಪೇಪರ್ ತೆಗೆದುಕೊಂಡು ಗಂಡನ ಕೈಗಿತ್ತ. ಪರದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎದ್ದವರ ಮಧ್ಯೆ ಅವಳು ಕಾಣಿಸಲಿಲ್ಲ.

ಆಟೋದಲ್ಲಿ ಜೊತೆಯಾಗಿಯೇ ಮನೆಗೆ ಬಂದೆವು. ಚಾಮರಾಜಪೇಟೆ ದಾಟಿತು, ಮೆಜೆಸ್ಟಿಕ್ ದಾಟಿತು. "ಅಕ್ಕ" ಅಂದೆ. "ಚಳಿ ಐತೆ" ಎಂದು ಸೆರಗು ಹೊದ್ದುಕೊಂಡಳು, ಅಷ್ಟೇ. ಮರುದಿನ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದ ಪೇಪರಿನವರನ್ನು ಗೇಟಿನಲ್ಲೇ ನಿಲ್ಲಿಸಿ, "ನಾಳೆಯಿಂದ ಇಂಗ್ಲಿಸ್ ಒಂದೇ ಹಾಕಪ್ಪ. ಕನ್ನಡದ್ದು ಓದೋರಿಲ್ಲ ಮನೇಲಿ" ಎಂದು ಜೋರಾಗಿ ಹೇಳಿದಳು. ಭಾವ ಅಲ್ಲೇ ಹಲ್ಲುಜ್ಜುತ್ತಾ ನಿಂತಿದ್ದರು.

ಆ ಶನಿವಾರ ಮಹಡಿ ಹತ್ತಿ, ಎಲ್ಲರ ಎದುರಿಗೇ ಮೇಷ್ಟ್ರಿಗೆ ಇದನ್ನು ಹೇಳಿದೆ. ಏನು ನಿರೀಕ್ಷಿಸಿದ್ದೆನೋ. ಅವರು ಗಡಿಯಾರದಿಂದ ತಲೆ ಎತ್ತಿದರು. ಮುಖ ಬೆಳಗಿತ್ತು. ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

"ಎರಡನೇ ಅಂಕ ಸಿಕ್ತಲ್ಲ ಮೇಡಂ!"

ಇಳಿದು ಬಂದೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ, ಮತ್ತೆ ನಾಟಕ ಬರೆಯಲೂ ಇಲ್ಲ. ಬರೆಯಲು ಮಾತು ಬೇಕಲ್ಲ. ಚೆನ್ನಕ್ಕ ಇನ್ನೂ ಹತ್ತು ವರ್ಷ ಅದೇ ಮನೆಯಲ್ಲಿ ಇದ್ದಳು. ಜಗಳವಿಲ್ಲ, ಮುನಿಸಿಲ್ಲ. "ಊಟ ಮಾಡಿ." "ಹಾಲು ಬಂತು." "ಬಾಗಿಲು ಹಾಕ್ಕೊಳ್ಳಿ." ನನಗೆ ಅವಳು ಬಹುವಚನ ಕೊಟ್ಟುಬಿಟ್ಟಿದ್ದಳು. ಕ್ಷಮಿಸು ಎನ್ನಲು ಎಷ್ಟೋ ಸಲ ಬಾಯಿ ತೆರೆದೆ. ಅವಳು ಪಾತ್ರೆಯ ಸದ್ದು ಮಾಡುತ್ತಿದ್ದಳು. ಕೊನೆಯ ಕಾಯಿಲೆಯಲ್ಲಿ ನಾನೇ ಗಂಜಿ ಕುಡಿಸಿದೆ. "ಸಾಕು, ನೀವು ಮಲಗಿ" ಅಂದಳು. ಅದೇ ಕೊನೆಯ ಮಾತು.

ನಾಲ್ಕು ವರ್ಷದ ಹಿಂದೆ, ಅವಳ ವೈಕುಂಠ ಸಮಾರಾಧನೆ ಮುಗಿದ ಮರುವಾರ, ಮೇಷ್ಟ್ರು ಮನೆಗೆ ಬಂದರು. ಯಾರು ಹೇಳಿದರೋ. ಕೋಲೂರಿಕೊಂಡು, ಸಂಪಿಗೆ ರಸ್ತೆಯ ಆ ಗದ್ದಲದಲ್ಲಿ ರಸ್ತೆ ದಾಟಿ, ಬೆವರುತ್ತಾ ಬಂದು ವರಾಂಡದಲ್ಲಿ ಕೂತರು. ನೀರು ಕೊಟ್ಟೆ; ಕಾಫಿ ಕೊಡಲಿಲ್ಲ.

"ಅವತ್ತು ಬಂದಾಗ ನಾನು ಅವರನ್ನ ಕೇಳಿದ್ದೆ" ಅಂದರು ಪೀಠಿಕೆಯಿಲ್ಲದೆ. "ಪೇಪರ್ ಓದೋ ಸೀನ್ ಇದೆ, ನಿಮ್ಮದೇ ಕತೆಯಂತೆ, ಬೇಡ ಅಂದ್ರೆ ತೆಗೆದುಹಾಕ್ತೀನಿ ಅಂತ. ನಾನು ಕಟುಕ ಅಲ್ಲ."

"ಏನಂದ್ಲು?" ಅಂದೆ.

ಮೇಷ್ಟ್ರು ಕಣ್ಣು ಮುಚ್ಚಿ, ಒಂದಕ್ಷರ ತಪ್ಪದ ಹಾಗೆ ಹೇಳಿದರು. "‘ಅವತ್ತು ಎದ್ದ್ ಬಂದ್ಲು ಸ್ವಾಮಿ. ನಾಟಕ ಅಂದ್ಮೇಲೆ ಇನ್ನೂ ಬಿರ್ನೆ ಎದ್ದ್ ಬತ್ತಾಳೆ, ಬುಡಿ.’"

"ಏಳೋದನ್ನ ಕತ್ತರಿಸಿದ್ದೀವಿ ಅಂತ ಹೇಳಿದ್ರಾ?"

"ಹೇಳಿದ್ರೆ ಅವರು ನಾಟಕ ನೋಡೋಕೆ ಯಾಕ್ ಬರ್ತಾರೆ?"

ನೀರಿನ ಲೋಟ ಮುಗಿಸಿ, ಕೋಲು ಹಿಡಿದು ಎದ್ದು ಹೋದರು. ನಾನು ಗೇಟಿನವರೆಗೂ ಹೋಗಲಿಲ್ಲ.

ಆ ಮಾತನ್ನು ಅವರೇ ಕಟ್ಟಿ ತಂದಿದ್ದಾರೆ ಎಂದು ನಂಬಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಜೀವನಪೂರ್ತಿ ಬೇರೆಯವರ ಬಾಯಲ್ಲಿ ಮಾತು ತುರುಕಿದ ಮನುಷ್ಯ; ಸತ್ತವಳ ಬಾಯಲ್ಲಿ ಇನ್ನೊಂದು ತುರುಕಲು ಎಷ್ಟು ಹೊತ್ತು? ಈ ನಾಲ್ಕು ವರ್ಷದಲ್ಲಿ ಅದನ್ನು ಎಷ್ಟು ಸಲ ಗಟ್ಟಿಯಾಗಿ ಹೇಳಿಕೊಂಡು ಕೇಳಿದ್ದೇನೋ ಲೆಕ್ಕವಿಲ್ಲ. ಅಡುಗೆಮನೆಯಲ್ಲಿ, ಸ್ನಾನದ ಮನೆಯಲ್ಲಿ, ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ. ಎಲ್ಲಾದರೂ ಒಂದು ಸುಳ್ಳು ಸಿಕ್ಕಲಿ ಎಂದು. ಸಿಕ್ಕಿಲ್ಲ. ಅದನ್ನು ಅವರು ಬರೆದಿರಲಾರರು. ಅಷ್ಟು ಚೆನ್ನಾಗಿ ಬರೆಯಲು ಅವರಿಗೆ ಬರುತ್ತಿರಲಿಲ್ಲ.